ಬೆಸುಗೆಯ ಒಳಗನ್ನು ಕೇಳುವ ಯಂತ್ರ

ಲಕ್ಷ್ಮೇಶ್ವರ ಸೀಮೆಯ ಅಡರಕಟ್ಟಿಗೆ ರೈಲು ಹಳಿ ಇಲ್ಲ. ಇಲ್ಲಿನವರು ಗಾಡಿ ಹಿಡಿಯಲು ಯಲವಿಗಿಗೋ ಗದಗಕ್ಕೋ ಹೋಗಬೇಕು. ಅಲ್ಲಿ ಕಾಯುವಾಗ ನನ್ನ ಕಣ್ಣು ಹಳಿಯ ಬೆಸುಗೆಗಳ ಮೇಲೆಯೇ ಇರುತ್ತದೆ.

ಸ್ಥಳದಲ್ಲೇ ಹಾಕುವ ಬೆಸುಗೆ ನಿಜಕ್ಕೂ ಬೆರಗು. ಎರಡು ಹಳಿಗಳ ನಡುವೆ ಸುಮಾರು 25 ಮಿ.ಮೀ. ಸಂದು ಬಿಟ್ಟು, ಸುತ್ತ ಅಚ್ಚು ಕಟ್ಟಿ, ಮೂಸೆಯಲ್ಲಿನ ಅಲ್ಯೂಮಿನಿಯಂ ಪುಡಿ ಮತ್ತು ಕಬ್ಬಿಣದ ಆಕ್ಸೈಡ್ ಮಿಶ್ರಣಕ್ಕೆ ಕಿಡಿ ಮುಟ್ಟಿಸುತ್ತಾರೆ. ಶಾಖ 2,000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಕರಗಿದ ಉಕ್ಕು ಸಂದಿಗಿಳಿದು ಹಳಿಗಳನ್ನು ಒಂದು ಮಾಡುತ್ತದೆ. ಆರಿದ ಮೇಲೆ ಉಜ್ಜಿ ನಯ ಮಾಡಿದರೆ ಮೇಲೆ ಎಲ್ಲ ಚೆಂದ. ಒಳಗೆ ಗಾಳಿಗುಳ್ಳೆ, ಕಿಟ್ಟ ಉಳಿದಿದ್ದರೆ?

ಅದನ್ನು ಹುಡುಕುವುದು ಹಳಿಯ ಮೇಲೆ ಕೈಯಿಂದ ತಳ್ಳುವ ಅಲ್ಟ್ರಾಸಾನಿಕ್ ಯಂತ್ರ. ಅದರ ಪ್ರೋಬ್‌ನೊಳಗಿನ ಹರಳು ವಿದ್ಯುತ್ ತಾಗಿದೊಡನೆ ಸೆಕೆಂಡಿಗೆ 20 ಲಕ್ಷ ಸಲದಂತೆ ಕಂಪಿಸಿ, ಕಿವಿಗೆ ಕೇಳದ ಸದ್ದನ್ನು ಉಕ್ಕಿನೊಳಗೆ ಕಳಿಸುತ್ತದೆ. ಪ್ರೋಬ್ ಮತ್ತು ಹಳಿಯ ನಡುವೆ ಗಾಳಿಯಿದ್ದರೆ ಸದ್ದು ದಾಟದು. ಅದಕ್ಕೇ ಹಳಿಯ ಮೇಲೆ ಸದಾ ನೀರಿನ ತೆಳು ಪದರ ಇರಬೇಕು. ಬಿರುಕಿಗೆ ತಾಗಿದ ಸದ್ದು ಮರಳಿ ಬಂದು ಅದೇ ಹರಳನ್ನು ನಡುಗಿಸುತ್ತದೆ, ಪರದೆಯಲ್ಲಿ ಒಂದು ಮೊನೆ ಏಳುತ್ತದೆ. ನೇರ ಇಳಿಯುವ ಸದ್ದಿಗೆ ನಿಲುವಾಗಿ ನಿಂತ ಬಿರುಕು ಸಿಗುವುದು ಕಷ್ಟ. ಹಾಗಾಗಿ 70 ಡಿಗ್ರಿ ಓರೆಯಾಗಿ ಸದ್ದು ಕಳಿಸುವ ಪ್ರೋಬ್ ಬೇರೆಯೇ ಇದೆ. ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಈ ಓರೆನೋಟವೇ.

ಆದರೂ ಆ ಮೊನೆ ಬಿರುಕಿನದೋ, ಬೆಸುಗೆಯ ಅಂಚಿನದೋ ಎಂದು ತೀರ್ಮಾನಿಸುವುದು ಪಳಗಿದ ಕಣ್ಣು. ಸುಡುವ ಬಿಸಿಲಲ್ಲಿ ಮೈಲಿಗಟ್ಟಲೆ ನಡೆದು ಈ ಕೆಲಸ ಮಾಡುವವರ ಬಗ್ಗೆ ನನಗೆ ಅಪಾರ ಗೌರವ. ದೋಷ ಕಂಡ ಬೆಸುಗೆಗೆ ಬಣ್ಣದ ಗುರುತು ಬೀಳುತ್ತದೆ; ಅದರ ಉಬ್ಬಿಗೆ ಹೊಂದುವ ಫಿಶ್‌ಪ್ಲೇಟ್ ಎಂಬ ಉಕ್ಕಿನ ಪಟ್ಟಿಯನ್ನು ಎರಡೂ ಬದಿಗೆ ಬಿಗಿಯುತ್ತಾರೆ.