ಗುಪ್ತದಾನವೋ, ಗುಪ್ತ ವ್ಯವಹಾರವೋ?

ಚುನಾವಣಾ ಬಾಂಡುಗಳ ಯೋಜನೆಯನ್ನು ಸರ್ವೋಚ್ಚ ನ್ಯಾಯಾಲಯವು 2024ರ ಫೆಬ್ರವರಿ 15ರಂದು ರದ್ದುಪಡಿಸಿತು. ಆದರೂ ಅದರ ಸಮರ್ಥನೆಯ ವಾದವೊಂದು ವರ್ತಕ ಬಾಂಧವರ ನಡುವೆ ಇನ್ನೂ ಉಳಿದಿದೆ: ದಾತನ ಹೆಸರು ಗೋಪ್ಯವಾಗಿದ್ದರೆ ತಪ್ಪೇನು, ಗುಪ್ತದಾನವೇ ಶ್ರೇಷ್ಠವಲ್ಲವೇ? ಈ ವಾದವನ್ನು ಪರಿಶೀಲಿಸುವುದು ಅವಶ್ಯಕ.

ಕೊಟ್ಟವನು ಯಾರೆಂದು ಪಡೆದವನಿಗೆ ತಿಳಿಯದಿರುವುದೇ ಗುಪ್ತದಾನದ ಹಿರಿಮೆ. ಅಲ್ಲಿ ಪಡೆದವನಿಗೆ ಋಣದ ಹಂಗಿಲ್ಲ, ಕೊಟ್ಟವನಿಗೆ ಪ್ರತಿಫಲದ ಅಪೇಕ್ಷೆಯಿಲ್ಲ. 2018ರಲ್ಲಿ ಜಾರಿಗೆ ಬಂದ ಬಾಂಡು ಇದಕ್ಕೆ ತದ್ವಿರುದ್ಧವಾಗಿತ್ತು. ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ 1 ಸಾವಿರದಿಂದ 1 ಕೋಟಿ ರೂಪಾಯಿಗಳವರೆಗೆ ಐದು ಮುಖಬೆಲೆಗಳಲ್ಲಿ ದೊರೆಯುತ್ತಿದ್ದ ಆ ಪತ್ರದ ಮೇಲೆ ದಾತನ ಹೆಸರಿರಲಿಲ್ಲ, ನಿಜ. ಆದರೆ ದಾತನು ಅದನ್ನು ಕೈಯಾರೆ ಪಕ್ಷಕ್ಕೆ ಒಪ್ಪಿಸಬಹುದಾಗಿತ್ತು. ಪಕ್ಷಕ್ಕೆ ತಿಳಿಯಲು ಅಡ್ಡಿಯಿರಲಿಲ್ಲ. ಬ್ಯಾಂಕಿಗಂತೂ ತಿಳಿದೇ ಇತ್ತು. ತಿಳಿಯದೆ ಉಳಿದವನು ಮತದಾರನೊಬ್ಬನೇ. ಇದು ದಾನವಲ್ಲ, ವ್ಯವಹಾರ.

ವಿರೋಧ ಪಕ್ಷಕ್ಕೆ ಕೊಟ್ಟವನು ಆಳುವವರ ಕೋಪಕ್ಕೆ ಗುರಿಯಾಗುವನೆಂಬ ಭಯವನ್ನು ಅಲ್ಲಗಳೆಯಲಾಗದು. ಆದರೆ ದಾತರ ಪಟ್ಟಿಯು ಸರ್ಕಾರಿ ಸ್ವಾಮ್ಯದ ಬ್ಯಾಂಕಿನಲ್ಲಿಯೇ ಇರುವಾಗ ಆ ಗೋಪ್ಯತೆ ಅಭಯ ನೀಡುವುದೆಂತು?

ಲೆಕ್ಕಪತ್ರ ಬಲ್ಲವರು ಇನ್ನೊಂದನ್ನು ಗಮನಿಸಬೇಕು. ಕಂಪನಿಯು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇಕಡ 7.5ಕ್ಕಿಂತ ಹೆಚ್ಚು ವಂತಿಗೆ ನೀಡಬಾರದು, ಲಾಭ-ನಷ್ಟದ ತಃಖ್ತೆಯಲ್ಲಿ ಪಕ್ಷದ ಹೆಸರನ್ನು ತೋರಿಸಬೇಕು ಎಂಬ ನಿಯಮಗಳನ್ನು 2017ರಲ್ಲಿ ತೆಗೆದುಹಾಕಲಾಯಿತು. ನಷ್ಟದಲ್ಲಿರುವ ಸಂಸ್ಥೆಯೂ ಕೋಟಿಗಟ್ಟಲೆ ಕೊಡಬಹುದೆಂದಾಯಿತು. ಲಾಭವೇ ಇಲ್ಲದ ಅಂಗಡಿ ವಂತಿಗೆ ನೀಡಿದರೆ ಆ ಹಣ ಯಾರದೆಂದು ಯಾವ ಗುಮಾಸ್ತನೂ ಕೇಳಿಯಾನು. ನ್ಯಾಯಾಲಯವು ಈ ತಿದ್ದುಪಡಿಗಳನ್ನೂ ಅಸಿಂಧುಗೊಳಿಸಿದ್ದು ಉಚಿತವೇ ಆಗಿದೆ.

ಆದರೆ ಹಳೆಯ ಕಾನೂನೂ ನಿರ್ದೋಷವಲ್ಲ. ಸರ್ಕಾರಿ ಕಂಪನಿಗಳಿಗೂ ಮೂರು ವರ್ಷ ತುಂಬದ ಕಂಪನಿಗಳಿಗೂ ಅದು ವಂತಿಗೆಯನ್ನು ನಿಷೇಧಿಸುತ್ತದೆ. ಸರ್ಕಾರದ ಗುತ್ತಿಗೆ ಹಿಡಿದ ಕಂಪನಿಗೆ ನಿಷೇಧವಿಲ್ಲ. ಷೇರುದಾರರನ್ನು ಕೇಳಬೇಕಾಗಿಲ್ಲ, ನಿರ್ದೇಶಕ ಮಂಡಳಿಯ ನಿರ್ಣಯವೇ ಸಾಕು. 20,000 ರೂಪಾಯಿ ಮೀರದ ವಂತಿಗೆಯಾದರೆ ದಾತನ ವಿವರವನ್ನು ಚುನಾವಣಾ ಆಯೋಗಕ್ಕೆ ಪಕ್ಷವು ಸಲ್ಲಿಸಬೇಕಾಗಿಲ್ಲ. ಸಾರ್ವಜನಿಕ ಕಂಪನಿಯ ನಿರ್ದೇಶಕನು ತನಗೆ ಹಿತಾಸಕ್ತಿಯಿರುವ ಕರಾರಿನ ಚರ್ಚೆಯಿಂದ ದೂರವಿರಬೇಕೆಂದು ಶಾಸನ ವಿಧಿಸುತ್ತದೆ. ತನ್ನ ಪಕ್ಷಕ್ಕೆ ವಂತಿಗೆಯಿತ್ತವನ ಟೆಂಡರನ್ನು ತೀರ್ಮಾನಿಸುವ ಮಂತ್ರಿಗೆ ಅಂತಹ ಶಾಸನಬದ್ಧ ಕಟ್ಟುಪಾಡಿಲ್ಲ.

ಗುತ್ತಿಗೆದಾರ ಕಂಪನಿಗಳ ವಂತಿಗೆಯನ್ನು ನಿಷೇಧಿಸುವುದು, ಷೇರುದಾರರ ಸಮ್ಮತಿಯನ್ನು ಕಡ್ಡಾಯಗೊಳಿಸುವುದು, 20,000ದ ಮಿತಿಯನ್ನು ಇಳಿಸುವುದು, ಇವು ಆಗಬೇಕಾದ ಸುಧಾರಣೆಗಳು. ಅಲ್ಲಿಯವರೆಗೆ ವರ್ತಕರು ಒಂದು ನಿಯಮವನ್ನು ತಾವೇ ಪಾಲಿಸಬಹುದು: ತಮ್ಮ ಲೆಕ್ಕದಲ್ಲಿ ಬಹಿರಂಗವಾಗಿ ಬರೆಯಲು ಹಿಂಜರಿಯುವ ವಂತಿಗೆಯನ್ನು ಕೊಡದಿರುವುದು.