ಗೂಬೆ ಕೇಳುವ ಪ್ರಶ್ನೆ

ಅಮೆರಿಕದ ಪೂರ್ವಭಾಗದ ಕಾಡುಗಳಲ್ಲಿ ಕೂಗುವ ಬಾರ್ಡ್ ಗೂಬೆಯನ್ನು ಗುರುತಿಸಲು ಇಲ್ಲಿನ ಪಕ್ಷಿ ಕೈಪಿಡಿಗಳು ಒಂದು ವಾಕ್ಯ ಹೇಳಿಕೊಡುತ್ತವೆ: ‘ಹೂ ಕುಕ್ಸ್ ಫಾರ್ ಯೂ, ಹೂ ಕುಕ್ಸ್ ಫಾರ್ ಯೂ ಆಲ್’. ‘ನಿಮಗೆ ಅಡುಗೆ ಮಾಡುವವರು ಯಾರು’ ಎಂದು ಅನುವಾದಿಸಿದರೆ ಅರ್ಥ ಉಳಿಯುತ್ತದೆ, ಗೂಬೆ ಹಾರಿಹೋಗುತ್ತದೆ. ಬೇಕಾದದ್ದು ಎಂಟು ಪೆಟ್ಟಿನ ಲಯ, ಕೊನೆಯಲ್ಲಿ ಜಾರುವ ದನಿ.

2021ರಲ್ಲಿ ಕಾರ್ನೆಲ್‌ನವರು ಮರ್ಲಿನ್ ಆ್ಯಪ್‌ಗೆ ದನಿ ಗುರುತಿಸುವ ಸೌಲಭ್ಯ ಸೇರಿಸಿದರು. ಅದು ಹೆಸರು ಹೇಳುತ್ತದೆ, ಕಿವಿಯನ್ನು ಪಳಗಿಸುವುದಿಲ್ಲ. ಹಕ್ಕಿಗಳನ್ನಷ್ಟೇ ಬಲ್ಲ ಅದರಲ್ಲಿ, ಚಳಿಗಾಲದ ರಾತ್ರಿ ನರಿ ಹೆಂಗಸಿನಂತೆ ಚೀರಿದರೆ ಉತ್ತರವಿಲ್ಲ.

ಕೈಪಿಡಿಯ ದಾರಿಯೇ ಮೇಲು ಎನ್ನುತ್ತೇನೆ. ಆದರೆ ವಾಕ್ಯ ನಮ್ಮ ನಾಲಿಗೆಯಲ್ಲಿ ಹುಟ್ಟಬೇಕು. ‘ಊಟ ಆಯ್ತಾ, ಊಟ ಆಯ್ತಾ–ಆ’ ಎಂದು ಹೇಳಿ ನೋಡಿ: ಲಯವೂ ಕೂರುತ್ತದೆ, ಪರದೇಶದ ಕತ್ತಲೂ ನೆಂಟರ ಹಾಗೆ ಮಾತನಾಡಿಸುತ್ತದೆ.