ಹಡಗಿನ ಪಟ್ಟಿಯ ಪಾಠಾಂತರ

ಶಿರಸಿಯ ಬಳಿಯ ಸೋಂದೆಗೆ ಎಷ್ಟು ಹೆಸರುಗಳು! ವಾದಿರಾಜರ ಬೃಂದಾವನಕ್ಕೆ ಹೋಗುವವರಿಗೆ ಅದು ಸೋದೆ, ಜೈನಮಠದ ಮಾತು ಬಂದಾಗ ಸ್ವಾದಿ, ಸಂಸ್ಕೃತದಲ್ಲಿ ಸುಧಾಪುರ, ಇಂಗ್ಲಿಷರ ಕಾಗದಗಳಲ್ಲಿ ಸೂಂಡಾ. ಹೈದರನು ಸೀಮೆಯನ್ನು ಗೆದ್ದ ಮೇಲೆ ಇಲ್ಲಿಯ ಅರಸು ಗೋವೆಯಲ್ಲಿ ಆಶ್ರಯ ಪಡೆದನಷ್ಟೆ. ಪೋರ್ತುಗೀಸರ ಬರಹದಲ್ಲಿ ಆತ ಸುಂದಾದ ಅರಸು. ಈ ರೂಪವನ್ನು ಮಾತ್ರ ಕಂಡ ಪರದೇಶದ ಓದುಗನು ಜಾವಾದ ಬಳಿಯ ಸುಂದಾ ಜಲಸಂಧಿಯನ್ನು ನೆನೆದರೆ ತಪ್ಪು ಅವನದಲ್ಲ.

ಹಡಗಿನ ಪ್ರಯಾಣಿಕರ ಪಟ್ಟಿಗಳಲ್ಲಿ ತಮ್ಮ ವಂಶದ ಮೂಲವನ್ನು ಅರಸುವವರನ್ನು ಕುರಿತು ಯೋಚಿಸುವಾಗ ಸೋಂದೆ ನನಗೆ ನೆನಪಾಗುವುದು ಇದರಿಂದಲೇ. 1860ರ ಅಕ್ಟೋಬರ್ 12ರಂದು ಮದರಾಸಿನಿಂದ ಹೊರಟ ‘ಟ್ರೂರೊ’ ಹಡಗು ನವೆಂಬರ್ 16ರಂದು ಡರ್ಬನ್ ಸೇರಿತು. ಅಲ್ಲಿಂದ 1911ರ ವರೆಗೆ ಕರಾರಿನ ಕೂಲಿಗಳಾಗಿ ನೆಟಾಲಿಗೆ ಹೋದವರು 1,52,184 ಮಂದಿ. ತಮಿಳರು, ತೆಲುಗರು ಬಹಳ. ಮೈಸೂರು ಸೀಮೆಯವರೂ ಇದ್ದರು. ಒಬ್ಬೊಬ್ಬರಿಗೂ ಒಂದು ಸಂಖ್ಯೆ. ಅದರ ಮುಂದೆ ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಜಿಲ್ಲೆ, ಊರು, ಮೈಮೇಲಿನ ಗುರುತು.

ಸುರೇಂದ್ರ ಭಾನಾ ಅವರ 1991ರ ಗ್ರಂಥ ನೆಟಾಲಿನ ಈ ಪಟ್ಟಿಗಳನ್ನೇ ಆಧರಿಸಿದುದು. ಎಣಿಕೆಗೆ ಪಟ್ಟಿ ಒಳ್ಳೆಯ ಸಾಕ್ಷಿ. ಸಾವಿರ ಸಾಲುಗಳಲ್ಲಿ ಹತ್ತು ತಪ್ಪಿದರೂ ಒಟ್ಟು ಚಿತ್ರ ಕೆಡುವುದಿಲ್ಲ. ಆದರೆ ಮುತ್ತಜ್ಜನನ್ನು ಹುಡುಕುವವನಿಗೆ ದೊರಕುವುದು ಒಂದೇ ಸಾಲು. ಅದು ತಪ್ಪಿದರೆ ಆತ ಯಾರದೋ ಮನೆಯ ಬಾಗಿಲಲ್ಲಿ ನಿಂತು ತನ್ನ ಮನೆಯೆಂದು ಕಣ್ಣೀರು ಸುರಿಸುತ್ತಾನೆ.

ಆ ಸಾಲು ಹುಟ್ಟಿದ ಬಗೆಯನ್ನು ನೋಡಿ. ಹೇಳಿದವನ ನುಡಿ ಒಂದು, ಬರೆದ ಗುಮಾಸ್ತನ ಲಿಪಿ ಇನ್ನೊಂದು. ಇಂಗ್ಲಿಷ್ ಅಕ್ಷರಗಳಲ್ಲಿ ಲಕಾರ ಳಕಾರಗಳ ಭೇದವಿಲ್ಲ. ಹ್ರಸ್ವ ದೀರ್ಘಗಳೂ ಕಲೆತುಹೋಗುತ್ತವೆ. ಅಲ್ಲಿ ಬರೆದ ‘ಬೇಲೂರು’ ನಮ್ಮ ಬೇಲೂರೇ ಆಗಬಹುದು, ಸಾಗರದ ಕಡೆಯ ಬೇಳೂರೂ ಆಗಬಹುದು. ಗುಮಾಸ್ತ ಒಂದಕ್ಷರ ನುಂಗಿದ್ದರೆ ನಾಗಮಂಗಲದ ಬೆಳ್ಳೂರೂ ಆಗಬಹುದು. ಓಲೆಗರಿಯ ಪ್ರತಿಗಳನ್ನು ಕೂಡಿಸಿ ಓದಿದವರಿಗೆ ಇದು ಹೊಸ ಕಷ್ಟವಲ್ಲ. ಇದು ಪಾಠಾಂತರದ ಪ್ರಶ್ನೆ. ಗ್ರಂಥಸಂಪಾದನೆಯ ನಿಯಮವೇ ಇಲ್ಲಿಯೂ ಸಲ್ಲುತ್ತದೆ. ಮನಸ್ಸಿಗೆ ಹಿತವಾದ ಪಾಠವನ್ನು ಆರಿಸಿಕೊಳ್ಳಕೂಡದು. ಜಿಲ್ಲೆಯ ಹೆಸರು ಒಪ್ಪುವುದೆ? ಹಿಂದುಮುಂದಿನ ಸಂಖ್ಯೆಗಳಲ್ಲಿ ಅದೇ ಊರಿನವರು ಇದ್ದಾರೆಯೆ? ಇಷ್ಟನ್ನು ಕೇಳಿದ ಮೇಲೆಯೇ ತೀರ್ಮಾನ.

ಹೀಗೆ ಓದುವ ಸಂಯಮವನ್ನು ಗಾಯತ್ರಾ ಬಹಾದೂರ್ ಅವರ ‘ಕೂಲಿ ವುಮನ್’ (2013) ಗ್ರಂಥದಲ್ಲಿ ಕಂಡೆನು. ಲೇಖಕಿಯ ಮುತ್ತಜ್ಜಿ 1903ರಲ್ಲಿ ಕಲ್ಕತ್ತೆಯಿಂದ ಬ್ರಿಟಿಷ್ ಗಯಾನಾಕ್ಕೆ ಹೋದವಳು. ಗಂಡನ ಜೊತೆಯಿಲ್ಲದ ಗರ್ಭಿಣಿ. ಏಕೆ ಹೊರಟಳು? ದಾಖಲೆ ಹೇಳದು. ಲೇಖಕಿ ಆ ಬರಿದಾದ ಜಾಗವನ್ನು ಕಟ್ಟುಕಥೆಯಿಂದ ತುಂಬುವುದಿಲ್ಲ; ಪ್ರಶ್ನೆಗಳನ್ನು ಕೇಳಿ ಅವನ್ನು ಪ್ರಶ್ನೆಗಳಾಗಿಯೇ ಬಿಡುತ್ತಾರೆ. ಗ್ರಂಥದ ಬಲ ಅಲ್ಲಿದೆ.

ಇನ್ನು ನಮ್ಮ ಪಾಲು. ನಮ್ಮ ಊರುಗಳ ಹೆಸರು ಬೇರೆ ಬೇರೆ ಲಿಪಿಗಳಲ್ಲಿ ಯಾವ ಯಾವ ವೇಷ ತೊಟ್ಟಿದೆಯೆಂದು ಹೇಳಬಲ್ಲವರು ಕನ್ನಡ ಬಲ್ಲವರೇ. ತಾಲ್ಲೂಕು ತಾಲ್ಲೂಕಿಗೆ ಅಂಥ ಒಂದು ಹೆಸರಿನ ಕೋಶ ಸಿದ್ಧವಾದರೆ, ಡರ್ಬನ್ನಿನಲ್ಲಿ ಕುಳಿತು ಒಂದು ಸಾಲನ್ನು ತಡಕಾಡುವವನಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ಸೋಂದೆಯಿಂದಲೇ ಆರಂಭಿಸಬಹುದು, ಅದೊಂದಕ್ಕೇ ಆರು ರೂಪಗಳು ಸಿಕ್ಕಿವೆ.